ಹಡಗು ಯಾರಿಗೂ ಕಾಯುವುದಿಲ್ಲ

ಟಿಕೆಟ್ಟಿನಲ್ಲಿ ‘ವೆನಿಸ್’ ಎಂದಿತ್ತು. ನಾವು ಹಡಗು ಹತ್ತಿದ್ದು ಮಾರ್ಘೇರಾದಲ್ಲಿ. ಅದು ವೆನಿಸ್ಸಿನ ಎದುರು ದಡದ ಕೈಗಾರಿಕಾ ಬಂದರು. ಸುತ್ತ ಕಂಟೇನರ್‌ಗಳು, ಎಣ್ಣೆಯ ಟ್ಯಾಂಕುಗಳು, ಕ್ರೇನುಗಳು. 2019ರ ಜೂನ್‌ನಲ್ಲಿ ದೊಡ್ಡ ಪ್ರವಾಸಿ ಹಡಗೊಂದು ಊರೊಳಗಿನ ಕಾಲುವೆಯಲ್ಲೇ ಹಿಡಿತ ತಪ್ಪಿ ಕಟ್ಟೆಗೂ ಪಕ್ಕದ ಸಣ್ಣ ದೋಣಿಗೂ ಗುದ್ದಿತ್ತು. ಎಷ್ಟೋ ವರ್ಷಗಳ ಜಗಳದ ನಂತರ 2021ರ ಆಗಸ್ಟ್ 1ರಿಂದ 25,000 ಟನ್ನಿಗಿಂತ ದೊಡ್ಡ ಹಡಗುಗಳು ಸಾನ್ ಮಾರ್ಕೊ ಮುಂದೆ ಹಾಯಬಾರದೆಂದು ಇಟಲಿ ಸರ್ಕಾರ ಆಜ್ಞೆ ಮಾಡಿತು. ಊರು ಬೇಡವೆಂದ ಹಡಗಿನಲ್ಲಿ, ಊರಿನ ಹೆಸರು ಬರೆದ ಟಿಕೆಟ್ಟು ಹಿಡಿದು, ನಾನು ಮತ್ತು ದೊಡ್ಡಮ್ಮ ನಿಂತಿದ್ದೆವು.

ಇದು ವೆನಿಸ್ಸೊಂದರ ಕತೆಯಲ್ಲ. ಬ್ರೋಷರಿನಲ್ಲಿ ‘ರೋಮ್’ ಎಂದಿದ್ದರೆ ಹಡಗು ನಿಲ್ಲುವುದು ಚಿವಿತವೆಕ್ಯದಲ್ಲಿ. ಟ್ರೇಜನ್ ಚಕ್ರವರ್ತಿ ಕಟ್ಟಿಸಿದ ಹಳೆಯ ಬಂದರು ಅದು, ಸ್ವಂತ ಚರಿತ್ರೆ ಬೇಕಾದಷ್ಟಿದೆ, ಆದರೆ ರೋಮ್ ಅಲ್ಲಿಂದ ಸುಮಾರು 70 ಕಿ.ಮೀ. ‘ಫ್ಲಾರೆನ್ಸ್’ ಎಂದರೆ ಲಿವೊರ್ನೊ. ‘ಒಲಿಂಪಿಯಾ’ ಎಂದರೆ ಕಟಕೊಲೊ. ಪಣಂಬೂರಿನಲ್ಲಿ ಇಳಿಸಿ ‘ಧರ್ಮಸ್ಥಳ ಬಂತು’ ಅಂದ ಹಾಗೆ. ಆದರೂ ಇಂಥ ಪಯಣ ಮುಗಿಸಿ ಬಂದವರ ಲೇಖನಗಳಲ್ಲಿ, ನಮ್ಮ ಕನ್ನಡದವೂ ಸೇರಿ, ‘ಏಳು ದಿನಗಳಲ್ಲಿ ಐದು ಐತಿಹಾಸಿಕ ನಗರಗಳನ್ನು ಕಂಡೆ’ ಎಂಬ ಮಾತು ಎಷ್ಟು ಸಲೀಸಾಗಿ ಬರುತ್ತದೆ! ನನ್ನ ತಕರಾರು ಆ ‘ಕಂಡೆ’ಯ ಜತೆ.

ಮೊದಲು ನನ್ನ ತಪ್ಪೊಪ್ಪಿಗೆ. ನಾನು ದುಡ್ಡು ಕೊಟ್ಟು ಹೋದವನಲ್ಲ, ಫೆಲೋಶಿಪ್ಪೇ ನಾಲ್ಕು ತಿಂಗಳಿಗೊಮ್ಮೆ ಬರುವವರಿಗೆ ಅದು ಆಗದ ಮಾತು. ದೊಡ್ಡಮ್ಮನಿಗೆ ಎರಡೂ ಮಂಡಿ ಆಪರೇಷನ್ ಆಗಿದೆ. ಜರ್ಮನಿಯಲ್ಲಿರುವ ಅಕ್ಕ ಅಮ್ಮನಿಗೆ ಟಿಕೆಟ್ ಕೊಂಡಳು, ಜತೆಗೊಬ್ಬರು ಬೇಕೆಂದು ನನಗೂ. ನನ್ನ ಸಂಶೋಧನೆ ಹನ್ನೆರಡನೆಯ ಶತಮಾನದ ಪಶ್ಚಿಮ ಕರಾವಳಿಯ ವ್ಯಾಪಾರದ ಮೇಲೆ. ಮಂಗಳೂರಿನಿಂದ ಹೊರಟ ಕಾಗದಗಳು ಕೊನೆಗೆ ತಲುಪುತ್ತಿದ್ದ ಕಡಲನ್ನು ಕಣ್ಣಾರೆ ನೋಡಬಹುದೆಂದು ಆಸೆಪಟ್ಟು ಹೊರಟೆ.

ಅಬ್ರಹಾಂ ಬೆನ್ ಯಿಜುವಿನ ಹೆಸರು ಅಮಿತಾವ್ ಘೋಷ್ ಅವರ ‘ಇನ್ ಆ್ಯನ್ ಆಂಟೀಕ್ ಲ್ಯಾಂಡ್’ ಓದಿದವರಿಗೆ ಗೊತ್ತು. ಇಂದಿನ ಟ್ಯುನೀಶಿಯದ ಮಹ್ದಿಯಾ ಎಂಬ ಮೆಡಿಟರೇನಿಯನ್ ಬಂದರಿನ ಯಹೂದಿ ಆತ. ಏಡನ್ ದಾಟಿ ಮಂಗಳೂರಿಗೆ ಬಂದು 1130ರ ದಶಕದಿಂದ 1149ರವರೆಗೆ, ನಡುವೆ ಒಂದಿಷ್ಟು ಓಡಾಟ ಬಿಟ್ಟರೆ, ಇಲ್ಲೇ ಇದ್ದ. ಕಂಚು ಹಿತ್ತಾಳೆಯ ಸಾಮಾನು ಮಾಡಿಸಿ ಏಡನ್‌ಗೆ ಕಳಿಸುತ್ತಿದ್ದ. ಅಲ್ಲಿಂದ ಅವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿತ್ತು. ಈ ಪತ್ರಗಳೆಲ್ಲ ಕೈರೋದ ಸಿನಗಾಗ್ ಒಂದರ ಹಳೇ ಕಾಗದದ ಕೋಣೆಯಲ್ಲಿ ಉಳಿದುಕೊಂಡವು. ಅವನು ಏಡನ್‌ಗೆ ಮರಳುವ ಹೊತ್ತಿಗೆ ಸಿಸಿಲಿಯ ನಾರ್ಮನ್ ರಾಜ ಮಹ್ದಿಯಾವನ್ನು ಹಿಡಿದಾಗಿತ್ತು. ಒಡಹುಟ್ಟಿದವರಲ್ಲಿ ಯಾರು ಎಲ್ಲಿದ್ದಾರೆ ಎಂಬುದು ಖಚಿತವಿಲ್ಲದೆ, ನಾನು ಮಕ್ಕಳೊಡನೆ ಕ್ಷೇಮವಾಗಿ ಬಂದಿದ್ದೇನೆ ಎಂದು ಅವನು ಬರೆದ ಪತ್ರ ಓದಿದಾಗಲೆಲ್ಲ ನನಗೆ ಕಾಣುವುದು ಒಂದೇ: ಆ ಕಾಲದ ಬಂದರು ಎಂದರೆ ಕಾಯುವ ಜಾಗ. ಗಾಳಿಗೆ, ಸರಕಿಗೆ, ಸುದ್ದಿಗೆ, ಇನ್ನೊಬ್ಬರ ಹಡಗಿಗೆ ಕಾಯುವುದು. ಮಾನ್ಸೂನ್ ತಿರುಗುವ ತನಕ ಪರಊರಿನಲ್ಲಿ ತಿಂಗಳುಗಟ್ಟಲೆ ಇರಬೇಕಾದ ಮನುಷ್ಯ ಅಲ್ಲಿನ ಭಾಷೆ ಕಲಿತ, ಅಲ್ಲಿನವರ ಜತೆ ಜಗಳ ಮಾಡಿದ, ಮನೆ ಮಾಡಿದ. ಬೆನ್ ಯಿಜು ಇಲ್ಲಿನ ಹೆಣ್ಣಿನೊಡನೆ ಸಂಸಾರ ಹೂಡಿದ. ಬಂದರು ಎಂಬ ಊರು ಹುಟ್ಟಿದ್ದೇ ಹೀಗೆ ಕಾದವರಿಂದ.

ನಮ್ಮ ಹಡಗು ಯಾರಿಗೂ, ಯಾವುದಕ್ಕೂ ಕಾಯುತ್ತಿರಲಿಲ್ಲ. ‘ಸಂಜೆ 4.30ಕ್ಕೆ ಎಲ್ಲರೂ ಹಡಗಿನೊಳಗೆ’ ಎಂಬುದು ಅದರ ಏಕೈಕ ಶಾಸನ. ತಡವಾದರೆ ಬಿಟ್ಟು ಹೋಗುತ್ತದೆ. ಹಗಲು ಇಳಿಸಿ ರಾತ್ರಿ ಸಾಗುವುದು ಅದರ ಲೆಕ್ಕಾಚಾರ, ಏಕೆಂದರೆ ಪ್ರಯಾಣಿಕ ಹಣ ಖರ್ಚು ಮಾಡಬೇಕಾದ್ದು ಊರಿನಲ್ಲಲ್ಲ, ಹಡಗಿನ ಬಾರು, ಕ್ಯಾಸಿನೊ, ಅಂಗಡಿಗಳಲ್ಲಿ. ಊಟ ಮೊದಲೇ ಟಿಕೆಟ್ಟಿನಲ್ಲಿ ಸೇರಿರುವುದರಿಂದ ಮಧ್ಯಾಹ್ನ ಊರಲ್ಲಿ ಕೂತು ತಿನ್ನುವವರೂ ಕಡಿಮೆ. ಊರಿಗೆ ಉಳಿಯುವುದು ನೀರಿನ ಬಾಟಲಿ, ಫ್ರಿಜ್ಜಿಗೆ ಅಂಟಿಸುವ ಆಯಸ್ಕಾಂತ, ಮತ್ತೆ ನೂಕುನುಗ್ಗಲು.

ದುಬ್ರೊವ್ನಿಕ್‌ನಲ್ಲಿ ನನಗೆ ನೋಡಬೇಕಿದ್ದು ಒಂದೇ ಕಟ್ಟಡ. 1377ರಲ್ಲಿ ಆಗ ರಗೂಸಾ ಎನಿಸಿಕೊಂಡಿದ್ದ ಆ ಗಣರಾಜ್ಯ ಪ್ಲೇಗಿನ ಊರುಗಳಿಂದ ಬಂದವರು ಒಂದು ತಿಂಗಳು ಹೊರಗಿದ್ದೇ ಒಳಬರಬೇಕೆಂದು ಕಾನೂನು ಮಾಡಿತು. ಮುಂದೆ ಆ ಮೂವತ್ತು ದಿನ ನಲವತ್ತಾಯಿತು, ‘ಕ್ವಾರಂಟೈನ್’ ಎಂಬ ಪದ ಬಂದದ್ದು ಆ ನಲವತ್ತರಿಂದ. ಕೊರೋನಾ ಕಾಲದಲ್ಲಿ ನಮ್ಮ ಮನೆ ಬಾಗಿಲಿಗೂ ಅಂಟಿಸಿ ಹೋದರಲ್ಲ, ಅದೇ ಪದ. ಹದಿನೇಳನೆಯ ಶತಮಾನದಲ್ಲಿ ಇದಕ್ಕಾಗಿಯೇ ಕಟ್ಟಿ ಮುಗಿಸಿದ ಲಜರೆತಿ ಎಂಬ ಕಟ್ಟಡಗಳ ಸಾಲು ಕೋಟೆಯ ಪೂರ್ವ ಬಾಗಿಲಿನ ಆಚೆ ಕಡಲ ಅಂಚಿಗೆ ಇಂದಿಗೂ ಇದೆ. ಹಡಗು ನಿಂತದ್ದು ಗ್ರುಜ್‌ನಲ್ಲಿ, ಬಸ್ಸು ಬಿಟ್ಟದ್ದು ಪಶ್ಚಿಮ ಬಾಗಿಲಿನಲ್ಲಿ. ಗೈಡಿನ ಕೈಯಲ್ಲಿದ್ದ ಸಮಯದಲ್ಲಿ ಅತಿ ಹೆಚ್ಚು ಪಾಲು ಸಿಕ್ಕಿದ್ದು ‘ಗೇಮ್ ಆಫ್ ಥ್ರೋನ್ಸ್’ ರಾಣಿಯನ್ನು ನಡೆಸಿಕೊಂಡು ಬಂದ ಮೆಟ್ಟಿಲುಗಳಿಗೆ. 1991ರ ಡಿಸೆಂಬರ್ 6ರಂದು ಇದೇ ಊರಿನ ಮೇಲೆ ಶೆಲ್ಲುಗಳು ಬಿದ್ದವೆಂಬುದಕ್ಕೆ ಒಂದು ವಾಕ್ಯ. ಹೆಂಚುಗಳ ಬಣ್ಣ ಯಾಕೆ ಹೊಸದಾಗಿ ಕಾಣುತ್ತದೆ ಎಂದು ಯಾರೋ ಕೇಳಿದ್ದರಿಂದ ಅದೂ. ಗೈಡ್ ತಪ್ಪೇನೂ ಇಲ್ಲ, ಆಕೆಗೆ ಇನ್ನೂ ಎರಡು ಗುಂಪುಗಳಿದ್ದವು. ದೊಡ್ಡಮ್ಮನನ್ನು ಕಾರಂಜಿಯ ಕಟ್ಟೆಯ ಮೇಲೆ ಕೂರಿಸಿ ನಾನು ಓಡಿದೆ. ಮನುಷ್ಯರನ್ನು ನಲವತ್ತು ದಿನ ಕಾಯಿಸುತ್ತಿದ್ದ ಕಟ್ಟಡದ ಮುಂದೆ ನನಗೆ ದಕ್ಕಿದ್ದು ಹನ್ನೆರಡು ನಿಮಿಷ. ನಾಲ್ಕು ಫೋಟೊ ತೆಗೆದೆ. ಒಂದರಲ್ಲಿ ನನ್ನ ಬೆರಳು ಬಂದಿದೆ.

ಕೋಟೆಯೊಳಗೆ 1991ರಲ್ಲಿ ಐದು ಸಾವಿರದಷ್ಟು ಜನ ವಾಸವಿದ್ದರಂತೆ, ಈಗ ಅದರ ಮೂರರಲ್ಲೊಂದು ಪಾಲೂ ಇಲ್ಲ. ಏಕಕಾಲಕ್ಕೆ ಎರಡಕ್ಕಿಂತ ಹೆಚ್ಚು ದೊಡ್ಡ ಹಡಗು ಬರಬಾರದೆಂದು ಊರು 2019ರಿಂದ ಮಿತಿ ಹಾಕಿಕೊಂಡಿದೆ. ಸಂತೋರಿನಿಯದು ಇನ್ನೂ ಕಷ್ಟ. ದ್ವೀಪದ ಜನಸಂಖ್ಯೆ ಸುಮಾರು ಹದಿನೈದು ಸಾವಿರ. 2024ರ ಜುಲೈನ ಒಂದು ದಿನ ಹಡಗುಗಳಿಂದಲೇ ಹತ್ತು ಸಾವಿರಕ್ಕೂ ಹೆಚ್ಚು ಜನ ಬರುವವರಿದ್ದಾಗ, ಇವತ್ತು ಆದಷ್ಟು ಓಡಾಡಬೇಡಿ ಎಂದು ಊರವರಿಗೇ ಸೂಚನೆ ಹೊರಟಿತು. ಜನ ಸಿಟ್ಟಾದ ಮೇಲೆ ಅದನ್ನು ತೆಗೆದರು. 2025ರ ಜುಲೈನಿಂದ ಬೇಸಿಗೆಯಲ್ಲಿ ಅಲ್ಲಿಳಿಯುವ ಪ್ರತಿ ಹಡಗು ಪ್ರಯಾಣಿಕನ ಮೇಲೆ 20 ಯೂರೋ ತೆರಿಗೆ ಇದೆ. ಕಟ್ಟುವವರಿಗೆ ಅದು ಎರಡು ಬಿಯರಿನ ಬೆಲೆ. ನಾವು ಅಲ್ಲಿ ಇಳಿದ ಬೆಳಿಗ್ಗೆ ಕೇಬಲ್ ಕಾರಿನ ಸಾಲು ಎಷ್ಟಿತ್ತೆಂದರೆ ದೊಡ್ಡಮ್ಮ ಕೆಳಗೇ ಕೂತಳು. 588 ಮೆಟ್ಟಿಲುಗಳನ್ನು ಹೇಸರಗತ್ತೆಗಳ ಲದ್ದಿ ತುಳಿಯುತ್ತಾ ನಾನೊಬ್ಬನೇ ಹತ್ತಿ, ಮೇಲೆ ಜನರ ಬೆನ್ನುಗಳನ್ನು ನೋಡಿ, ಇಳಿದು ಬಂದೆ. ಮೂರೂವರೆ ಸಾವಿರ ವರ್ಷಕ್ಕೂ ಹಿಂದೆ ಬೂದಿಯಡಿ ಹೂತುಹೋದ ಅಕ್ರೊತಿರಿ ಅದೇ ದ್ವೀಪದ ಇನ್ನೊಂದು ತುದಿಯಲ್ಲಿದೆ. ಅಲ್ಲಿಯ ಮನೆಯೊಂದರ ಗೋಡೆಯ ಮೇಲೆ ಹಡಗುಗಳ ಮೆರವಣಿಗೆಯ ಚಿತ್ರವೇ ಸಿಕ್ಕಿತು. ನಮ್ಮ ಪ್ಯಾಕೇಜಿನಲ್ಲಿ ಅಕ್ರೊತಿರಿ ಇರಲಿಲ್ಲ, ವೈನ್ ರುಚಿ ನೋಡುವುದಿತ್ತು.

ಇದು ಅನುಕೂಲಸ್ಥರ ಮೇಲೆ ವಿಶ್ವವಿದ್ಯಾಲಯದವರ ಹೊಟ್ಟೆಯುರಿ ಎನ್ನುವವರಿದ್ದಾರೆ. ಸ್ವಲ್ಪ ಇರಲೂಬಹುದು. ಆದರೆ ‘ನಾವು ಟೂರಿಸ್ಟರಲ್ಲ, ಟ್ರಾವೆಲರ್‌ಗಳು’ ಎನ್ನುವ ನನ್ನ ಹಾಸ್ಟೆಲ್ ಗೆಳೆಯರ ಜಂಭದ ಮೇಲೂ ನನಗೆ ಅಷ್ಟೇ ಸಿಟ್ಟಿದೆ. ವೆನಿಸ್ಸಿನ ಹಳೆಯ ಊರಿನಲ್ಲಿ ಜನಸಂಖ್ಯೆ 50,000ಕ್ಕಿಂತ ಕೆಳಗಿಳಿಯಲು ಹಡಗುಗಳಷ್ಟೇ ಕಾರಣವಲ್ಲ. ಬೆನ್ನಿಗೆ ಚೀಲ ಹಾಕಿ ಬಂದು, ಯಾರೋ ಬಿಟ್ಟುಹೋದ ಮನೆಯನ್ನು ಆ್ಯಪಿನಲ್ಲಿ ದಿನದ ಬಾಡಿಗೆಗೆ ಹಿಡಿಯುವವರ ಪಾಲೂ ಇದೆ. ಮತ್ತೆ ದೊಡ್ಡಮ್ಮನಂಥವರಿಗೆ ಬೇರೆ ದಾರಿ ಯಾವುದು? ದಿನಕ್ಕೊಂದು ಹೋಟೆಲು, ಸೂಟ್‌ಕೇಸ್ ಎಳೆಯುವುದು, ರೈಲು ಬದಲಿಸುವುದು ಆಕೆಗೆ ಆಗದು. ಸಂತೋಷದಲ್ಲಿ ಆಕೆ ರಾತ್ರಿ ಡೆಕ್ಕಿನ ಮೇಲೆ ಕೂತು, ಕಡಲು ನಮ್ಮ ಮಲ್ಪೆಯ ಹಾಗೇ ವಾಸನೆ ಬರುವುದಿಲ್ಲವಲ್ಲ ಎಂದು ಬೆರಗುಪಟ್ಟದ್ದನ್ನು ನಾನು ಹೀಯಾಳಿಸಲಾರೆ. ಆಕೆ ಊರಿಗೆ ಬಂದು ‘ಹಡಗಿನಲ್ಲಿ ಇದ್ದು ಬಂದೆ’ ಎಂದಳು. ‘ದುಬ್ರೊವ್ನಿಕ್ ನೋಡಿದೆ’ ಎನ್ನಲಿಲ್ಲ. ಪ್ರವಾಸ ಕಥನ ಬರೆಯುವವರಿಗಿಂತ ದೊಡ್ಡಮ್ಮನ ವಾಕ್ಯ ಪ್ರಾಮಾಣಿಕ.

ಅನುಮಾನವಿದ್ದವರು ತಲೆಕೆಳಗು ಮಾಡಿ ನೋಡಿ. ನವಮಂಗಳೂರು ಬಂದರಿಗೂ ಪ್ರವಾಸಿ ಹಡಗುಗಳು ಬರುತ್ತವೆ. ಮರುದಿನ ಪತ್ರಿಕೆಯಲ್ಲಿ ಸ್ವಾಗತದ ಫೋಟೊ ಇರುತ್ತದೆ. ಬಂದವರು ಕದ್ರಿ ದೇವಸ್ಥಾನ, ಅಲೋಶಿಯಸ್ ಚಾಪೆಲ್, ಒಂದು ಗೇರುಬೀಜದ ಫ್ಯಾಕ್ಟರಿ, ಸಮಯವಿದ್ದರೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿ ಸಂಜೆಗೆ ಹೊರಡುತ್ತಾರೆ. ಅವರಲ್ಲೊಬ್ಬ ತನ್ನ ಭಾಷೆಯಲ್ಲಿ ‘ಮಂಗಳೂರೆಂಬ ಐತಿಹಾಸಿಕ ನಗರವನ್ನು ಕಂಡೆ, ಅದರ ಆತ್ಮ ನನಗೆ ದಕ್ಕಿತು’ ಎಂದು ಬರೆದರೆ ನಮಗೆ ನಗು ಬರುವುದಿಲ್ಲವೇ? ಆ ನಗುವಿಗೆ ಕಾರಣಗಳೇನೋ ಅವೇ ನನ್ನ ವಾದ.

ಇನ್ನು ಆ ಕಥನಗಳಲ್ಲಿ ಎಂದೂ ಕಾಣಿಸದವರ ವಿಚಾರ. ಎರಡನೇ ದಿನ ದೊಡ್ಡಮ್ಮ ನನ್ನ ಜತೆ ತುಳುವಿನಲ್ಲಿ ಗೊಣಗುತ್ತಿದ್ದಾಗ, ಕೋಣೆ ಗುಡಿಸುತ್ತಿದ್ದ ಹುಡುಗ ಥಟ್ಟನೆ ತಿರುಗಿ ‘ಇಲ್ಲ್ ಓಲು?’ ಎಂದ. ಮನೆ ಎಲ್ಲಿ ಎಂದು. ಅವನ ಮನೆ ಶಿರ್ವದ ಹತ್ತಿರ. ಉಡುಪಿ, ಮಂಗಳೂರು, ಗೋವೆಯ ಎಷ್ಟು ಮನೆಗಳ ಮಾಡು, ತಂಗಿಯರ ಮದುವೆ ಇಂಥ ಹಡಗುಗಳ ಅಡುಗೆಮನೆ, ಲಾಂಡ್ರಿಗಳಿಂದ ಆಗಿವೆ ಎಂಬುದು ಕರಾವಳಿಯವರಿಗೆ ಹೇಳಬೇಕಿಲ್ಲ. ಅವನದು ಎಂಟು ತಿಂಗಳ ಒಪ್ಪಂದ. ವಾರದ ರಜೆ ಎಂಬುದಿಲ್ಲ. ಹಡಗು ಬಹಮಾಸ್, ಪನಾಮ, ಮಾಲ್ಟಾ ಹೀಗೆ ಯಾವುದಾದರೂ ದೇಶದ ಬಾವುಟ ಹಾರಿಸುತ್ತದೆ, ದುಡಿಮೆಯ ಕಾನೂನು ಆ ಬಾವುಟದ್ದು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2006ರ ಒಡಂಬಡಿಕೆ ನಾವಿಕರ ಹಕ್ಕಿನ ಪತ್ರ ಎಂದೇ ಹೆಸರಾಗಿದೆ. ಅದು ಕೊಡುವ ಕನಿಷ್ಠ ವಿಶ್ರಾಂತಿ ವಾರಕ್ಕೆ 77 ಗಂಟೆ. ಒಂದು ವಾರಕ್ಕೆ 168 ಗಂಟೆ. ವಿಶ್ರಾಂತಿಯ ಈ ಲೆಕ್ಕವನ್ನು ಹಿಡಿದರೆ ಉಳಿದ 91 ಗಂಟೆ ದುಡಿಸಿದರೂ ಕಾನೂನು ಮುರಿದಂತಲ್ಲ. ದಡಕ್ಕಿಳಿಯುವ ರಜೆ ಕೊಡಬೇಕೆಂದೂ ಅದರಲ್ಲಿದೆ, ಕೆಲಸಕ್ಕೆ ಅಡ್ಡಿಯಾಗದ ಹಾಗೆ ಎಂಬ ಬಾಲದೊಂದಿಗೆ.

ಸಂತೋರಿನಿಗೆ ಎಷ್ಟು ಸಲ ಬಂದಿದ್ದೀಯ ಎಂದು ಕೇಳಿದೆ. ಲೆಕ್ಕ ಇಟ್ಟಿಲ್ಲ ಅಣ್ಣ, ಮೂವತ್ತಾಗಿರಬಹುದು ಎಂದ. ಮೇಲೆ ಹೋಗಿದ್ದೀಯಾ? ಒಂದು ಸಲ. ನಾವೆಲ್ಲ ಇಳಿದ ಹೊತ್ತೇ ಅವನಿಗೆ ಹದಿನೆಂಟು ಕೋಣೆ ಶುಚಿ ಮಾಡುವ ಹೊತ್ತು. ಕೊರ್ಫುವಿನಲ್ಲಿ ಮಾತ್ರ ಬಂದರಿನ ಗೇಟಿನ ಎದುರಿಗೆ ಒಂದು ಅಂಗಡಿ ಇದೆ, ವೈಫೈ ಚೆನ್ನಾಗಿದೆ, ಅಲ್ಲಿ ಕೂತು ಮನೆಗೆ ವಿಡಿಯೋ ಕಾಲ್ ಮಾಡುತ್ತೇನೆ ಎಂದ.

ಬೆನ್ ಯಿಜುವಿನ ಪತ್ರಗಳಲ್ಲಿ ಬೊಮ್ಮ ಎಂಬೊಬ್ಬ ಬರುತ್ತಾನೆ. ಅವನ ಗುಲಾಮ, ಅವನ ಪರವಾಗಿ ಸರಕು ತೆಗೆದುಕೊಂಡು ಏಡನ್‌ಗೆ ಹೋಗಿ ಬರುತ್ತಿದ್ದವ. ಇವತ್ತಿನ ಹುಡುಗನನ್ನು ಬೊಮ್ಮನಿಗೆ ಹೋಲಿಸಿದರೆ ಅವನಿಗೆ ಅವಮಾನ, ಅದು ಸುಳ್ಳೂ ಹೌದು. ಅವನು ಏಜೆಂಟನಿಗೆ ದುಡ್ಡು ಕಟ್ಟಿ, ಕೋರ್ಸು ಮಾಡಿ, ಸಿಡಿಸಿ ಮಾಡಿಸಿಕೊಂಡು ತಾನೇ ಬಂದವನು. ಹೋಲಿಕೆ ಇರುವುದು ಒಂದೇ ಕಡೆ: ಎಂಟುನೂರು ವರ್ಷಗಳ ಹಿಂದಿನ ವರ್ತಕರು ಪತ್ರದ ಕೊನೆಯಲ್ಲಿ ಬೊಮ್ಮನಿಗೂ ನಮಸ್ಕಾರ ತಿಳಿಸುತ್ತಿದ್ದರು. ನಮ್ಮ ಪ್ರವಾಸ ಕಥನಗಳು ಕೋಣೆಯ ಹಾಸಿಗೆಯ ಮೇಲೆ ಟವೆಲ್ಲಿನಲ್ಲಿ ಮಾಡಿಟ್ಟ ಆನೆಯ ಫೋಟೊ ಹಾಕುತ್ತವೆ, ಮಾಡಿಟ್ಟವನ ಊರು ಕೇಳುವುದಿಲ್ಲ. ಇತಿಹಾಸ ನೋಡಲು ಹೊರಟ ಕರಾವಳಿಯ ಮನುಷ್ಯನಿಗೆ ಮೆಡಿಟರೇನಿಯನ್ನಿನ ಜತೆಗಿನ ತನ್ನ ಹಳೆಯ ನಂಟು ಉಸಿರಾಡುತ್ತಿರುವುದು ಕೆಳಗಿನ ಡೆಕ್ಕಿನಲ್ಲಿ, ಅವನು ಮಾತ್ರ ಮೇಲಿನ ಡೆಕ್ಕಿನಲ್ಲಿ ದುರ್ಬೀನು ಹಿಡಿದಿರುತ್ತಾನೆ.

ಇದನ್ನೆಲ್ಲ ಬರೆಯುತ್ತೇನೆ ಎಂದಾಗ ಅವನು ಹೆದರಿದ. ‘ಬರಬೇಡಿ ಅಂತ ಮಾತ್ರ ಬರೀಬೇಡಿ ಅಣ್ಣ. ಕೊರೋನಾದಲ್ಲಿ ಎರಡು ವರ್ಷ ಮನೇಲಿದ್ದೆ, ಸಾಲ ಇನ್ನೂ ತೀರಿಲ್ಲ.’ ಅದಕ್ಕೇ ಹೇಳುತ್ತಿದ್ದೇನೆ, ನನ್ನದು ಬಹಿಷ್ಕಾರದ ಕರೆಯಲ್ಲ. ಹಡಗು ಚಿಕ್ಕದಾಗಲಿ. ಒಂದು ವಾರಕ್ಕೆ ಐದರ ಬದಲು ಎರಡೇ ಬಂದರಿರಲಿ, ಪ್ರತಿ ಬಂದರಿನಲ್ಲೂ ಎರಡು ರಾತ್ರಿ ನಿಲ್ಲಲಿ. ನಿಂತ ರಾತ್ರಿ ಕೆಲಸದವರು ಸರದಿಯಲ್ಲಿ ಇಳಿಯಲಿ. ಊಟ ಊರಲ್ಲಾಗಲಿ. ಟಿಕೆಟ್ಟಿನ ಮೇಲೆ ಮಾರ್ಘೇರಾ ಎಂದು ಬರೆಯಲಿ. ದುಬಾರಿಯಾಗುತ್ತದೆ ಎನ್ನುತ್ತೀರಿ. ಈಗ ಅಗ್ಗವಾಗಿರುವುದು ಏಕೆಂದರೆ ಬಾಕಿ ಹಣವನ್ನು ಸಂತೋರಿನಿಯವರೂ ಶಿರ್ವದವರೂ ಕಟ್ಟುತ್ತಿದ್ದಾರೆ.

ದೊಡ್ಡಮ್ಮನಿಗೆ ಮುಂದಿನ ವರ್ಷ ಇನ್ನೊಂದು ಬದಿಗೆ, ಮಾಲ್ಟಾ ಸಿಸಿಲಿ ಕಡೆ ಹೋಗುವ ಆಸೆ. ಜತೆಗೆ ಬರುತ್ತೀಯಾ ಎಂದು ಕೇಳಿದಳು. ವಲೆಟ್ಟಾದಲ್ಲಿ ಒಂದು ರಾತ್ರಿ ನಿಲ್ಲುವ ಹಡಗಿದ್ದರೆ ಬರುತ್ತೇನೆ ಎಂದೆ. ಅಕ್ಕ ಏಜೆಂಟನಿಗೆ ಫೋನ್ ಮಾಡಿ ವಿಚಾರಿಸಿದಳು. ಆ ರೇಟಿಗೆ ಅಂಥದ್ದಿಲ್ಲವಂತೆ, ಬೆಳಿಗ್ಗೆ ಎಂಟಕ್ಕೆ ಇಳಿಸಿ ಸಂಜೆ ಐದಕ್ಕೆ ಹೊರಡುವುದೇ ಇರುವುದಂತೆ.