ಜನತಾ ಗಡಿಯಾರದ ಬೆಲೆ

2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ನಟ ಪಾಲ್ ನ್ಯೂಮನ್ ಕಟ್ಟಿದ್ದ ರೋಲೆಕ್ಸ್ ಕ್ರೋನೋಗ್ರಾಫ್ ಕೈಗಡಿಯಾರ 1 ಕೋಟಿ 77 ಲಕ್ಷ ಡಾಲರಿಗೆ ಹೋಯಿತು. ಗುಂಡಿ ಒತ್ತಿ ಸೆಕೆಂಡು ಅಳೆಯುವ ಯಂತ್ರವದು. ಮಾಲೀಕರು ಕಾರ್ಮಿಕನ ಕೈಯ ವೇಗ ಅಳೆದದ್ದೂ ಅದರ ತಮ್ಮನಿಂದಲೇ. ಆ ಶೋಕಿ ಶ್ರೀಮಂತರಿಗಿರಲಿ.

ನಮ್ಮ ಮಾತು ಎಚ್.ಎಂ.ಟಿ. 'ಜನತಾ' ಕುರಿತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಹುಟ್ಟಿದ ಸರ್ಕಾರಿ ಗಡಿಯಾರ ಕಾರ್ಖಾನೆ, ಕೂಲಿಯವನೂ ಕಟ್ಟಬಲ್ಲ ಕೀ ಕೊಡುವ ಗಡಿಯಾರ ಮಾಡಿತು. ನಷ್ಟದ ಲೆಕ್ಕ ಓದಿ 2016ರಲ್ಲಿ ಕೇಂದ್ರ ಸರ್ಕಾರ ಗಡಿಯಾರದ ಕಂಪನಿಯನ್ನೇ ಮುಚ್ಚಲು ತೀರ್ಮಾನಿಸಿತು. ಈಗ ಅದೇ ಜನತಾ ಸಂಗ್ರಹಕಾರರಿಗೆ ಬೇಕಾಗಿದೆ! ಅವರ ಮೇಲೆ ನಮಗೆ ಸಿಟ್ಟಿಲ್ಲ, ಎಣ್ಣೆ ಹಾಕಿ ನಡೆಸುತ್ತಾರೆ. ಹಳೆಯ ಯಂತ್ರಕ್ಕೆ ಹೊಸ ಮುಖ ಬಳಿದು ಮಾರುವವರ ವಿಷಯ ಬೇರೆ. ನವುಲೆಯ ಬಂಧುಗಳು ಅಪ್ಪನ ಗಡಿಯಾರವನ್ನು ಚಿಲ್ಲರೆ ಕಾಸಿಗೆ ಕೊಡಬಾರದು.

2023ರಲ್ಲಿ ಭದ್ರಾವತಿಯ ಉಕ್ಕಿನ ಕಾರ್ಖಾನೆಯನ್ನು ಮುಚ್ಚುತ್ತೇವೆಂದವರು ಓದಿದ್ದೂ ನಷ್ಟದ ಲೆಕ್ಕವನ್ನೇ. ಅದನ್ನು ಯಾವ ಸಂಗ್ರಹಕಾರ ಕೊಳ್ಳುತ್ತಾನೆ?