ರೆಕ್ಕೆಯ ಹಾಳೆ ಕಿತ್ತು ಬಾರದಿರಲಿ

ಎಂಜಿನಿಯರಿಂಗ್ ಓದುವಾಗ ಗೆಳೆಯರೆಲ್ಲ ಸೇರಿ ಬಾಲ್ಸಾ ಮರದಲ್ಲಿ ಮಾಡಿದ ಆರ್‌ಸಿ ವಿಮಾನ ಎಷ್ಟೋ ಮನೆಗಳ ಅಟ್ಟದ ಮೇಲೆ ಇನ್ನೂ ಇರುತ್ತೆ. ಈ ವೀಕೆಂಡ್ ಅದನ್ನ ಕೆಳಗಿಳಿಸಿ ಹಾರಿಸೋ ಆಸೆ ಇದ್ರೆ, ಬ್ಯಾಟರಿ ಚಾರ್ಜಿಗೆ ಹಾಕೋಕೆ ಮುಂಚೆ ರೆಕ್ಕೆಗೆ ಹೊದಿಸಿರೋ ಪ್ಲಾಸ್ಟಿಕ್ ಫಿಲ್ಮ್ ನೋಡಿ. ಅಂಚು ಎಲ್ಲಾದರೂ ಎದ್ದಿದೆಯಾ?

ಈ ಫಿಲ್ಮ್ ಬರೀ ಅಂದಕ್ಕೆ ಅಂತ ಬಹಳ ಜನ ಅಂದ್ಕೋತಾರೆ. ಆದರೆ ಪಕ್ಕೆಲುಬಿನಂಥ ಮರದ ಪಟ್ಟಿಗಳಿಂದ ಕಟ್ಟಿದ ರೆಕ್ಕೆಗೆ ಆ ಹಾಳೆಯೇ ಚರ್ಮ. ವಿಮಾನವನ್ನ ಮೇಲೆತ್ತೋ ಆಕಾರ ಕೊಡೋದೂ ಅದೇ, ರೆಕ್ಕೆ ತಿರುಚಿಕೊಳ್ಳದಂತೆ ಬಿಗಿ ಹಿಡಿಯೋದೂ ಅದೇ. ಮುಂದಿನ ಅಂಚಲ್ಲಿ ಒಂದಿಂಚು ಬಿಟ್ಟುಕೊಂಡರೂ ಸಾಕು, ಗಾಳಿ ಒಳನುಗ್ಗಿ ಹಾಳೆಯನ್ನ ಸುಲಿದುಬಿಡಬಹುದು. ಆಮೇಲೆ ರಿಮೋಟ್ ಕೈಯಲ್ಲಿದ್ದೂ ಪ್ರಯೋಜನವಿಲ್ಲ. ಕೆಳಗೆ ನಿಂತವರಿಗೂ ಅಪಾಯ.

ಮೋನೋಕೋಟ್, ಓರಾಕವರ್‌ನಂಥ ಪಾಲಿಯೆಸ್ಟರ್ ಫಿಲ್ಮ್‌ಗಳ ಹಿಂಬದಿಯಲ್ಲಿ ಬಿಸಿಗೆ ಕರಗೋ ಅಂಟು ಇರುತ್ತೆ. ಸಾಮಾನ್ಯವಾಗಿ ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಂಟು ಹಿಡಿಯತೊಡಗುತ್ತೆ. ಹಾಳೆ ಚೆನ್ನಾಗಿ ಕುಗ್ಗಿ ಬಿಗಿಯಾಗೋಕೆ 150ರ ಆಸುಪಾಸು ಬೇಕು. ಬ್ರ್ಯಾಂಡಿಂದ ಬ್ರ್ಯಾಂಡಿಗೆ ಇದು ಬದಲಾಗೋದರಿಂದ ಕಂಪನಿ ಹೇಳಿರೋ ಅಂಕಿಯನ್ನೇ ನೋಡ್ಕೊಳ್ಳಿ. ಕ್ರಮ ಮಾತ್ರ ಒಂದೇ: ಮೊದಲು ಕಡಿಮೆ ಬಿಸಿಯಲ್ಲಿ ಸುತ್ತಲಿನ ಅಂಚು ಅಂಟಿಸೋದು, ಆಮೇಲೆ ಜಾಸ್ತಿ ಬಿಸಿಯಲ್ಲಿ ನಡುಭಾಗ ಬಿಗಿ ಮಾಡೋದು.

ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತೆ. ಹಾಗಾಗಿ ಹಳೇ ರೆಕ್ಕೆ ಮೇಲೆ ಸುಕ್ಕು ಕಾಣೋದು ಸಹಜ. ಸುಕ್ಕು ಕಂಡ ತಕ್ಷಣ ಹೀಟ್ ಗನ್ ಹಿಡಿಯಬೇಡಿ. ಅಂಚಿನ ಅಂಟು ಸಡಿಲವಾಗಿದ್ರೆ, ಕುಗ್ಗೋ ಹಾಳೆ ಅದನ್ನ ಇನ್ನಷ್ಟು ಎಳೆದು ಬಿಡಿಸುತ್ತೆ. ಮೊದಲು ಪುಟ್ಟ ಕವರಿಂಗ್ ಐರನ್‌ನಿಂದ ಅಂಚನ್ನ ಒತ್ತಿ, ತಣ್ಣಗಾಗೋವರೆಗೂ ಹತ್ತಿ ಬಟ್ಟೆಯಿಂದ ಅದುಮಿ ಹಿಡಿಯಿರಿ.

ಅಷ್ಟಾದರೂ ಹಿಡೀತಿಲ್ವಾ? ಒಳಗೆ ಧೂಳೋ ಎಣ್ಣೆಯೋ ಇರುತ್ತೆ. ಸ್ಯಾಂಡ್‌ಪೇಪರ್ ಉಜ್ಜಿದಾಗ ಉಳಿಯೋ ಮರದ ಪುಡಿಗೆ ಅಂಟು ಹಿಡಿದರೆ, ಅದು ಮರಕ್ಕೆ ಹಿಡಿದಂತಲ್ಲ. ಮೆಥನಾಲ್ ಇಂಧನದ ಎಂಜಿನ್ ಇದ್ರೆ, ಹೊಗೆ ಜೊತೆ ಬರೋ ಎಣ್ಣೆ ಅಂಚಿನ ಕೆಳಗೆ ಜಿನುಗುತ್ತೆ. ಅಲ್ಲಿಯ ಹಾಳೆ ಕತ್ತರಿಸಿ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮರ ಒರೆಸಿ, ಪೂರ್ತಿ ಒಣಗಿದ ಮೇಲೆ ಹೊಸ ತುಂಡು ಹಾಕಿ. ಆಲ್ಕೋಹಾಲ್ ಬೇಗ ಹೊತ್ತಿಕೊಳ್ಳುತ್ತೆ, ಹಾಗಾಗಿ ಬಿಸಿ ಐರನ್ ದೂರ ಇರಲಿ.

ಎರಡು ಹಾಳೆ ಸೇರೋ ಕಡೆ ಮಂಗಳೂರು ಹೆಂಚು ನೆನಪಿಸ್ಕೊಳ್ಳಿ. ಮೇಲಿನ ಹೆಂಚು ಕೆಳಗಿನದರ ಮೇಲೆ ಕೂರೋದರಿಂದ ನೀರು ಸಂದಿಗೆ ನುಗ್ಗಲ್ಲ. ಹಾಗೇ, ಮುಂದಿನ ಹಾಳೆ ಹಿಂದಿನದರ ಮೇಲೆ ಸುಮಾರು 6 ಮಿಲಿಮೀಟರ್ ಹತ್ತಿ ಕೂತರೆ ಗಾಳಿಗೆ ಎತ್ತೋಕೆ ಅಂಚೇ ಸಿಗಲ್ಲ.

ಮೇಲಿನ ಬಣ್ಣದ ಪಟ್ಟಿ, ಅಕ್ಷರಗಳಿಗೂ ಇದೇ ನಿಯಮ. ಫಿಲ್ಮ್ ಮೇಲೆ ಫಿಲ್ಮ್ ಅಂಟಿಸುವಾಗ ಕಡಿಮೆ ಬಿಸಿ ಇಟ್ಟು, ನಡುವಿನಿಂದ ಹೊರಗೆ ಒತ್ತುತ್ತಾ ಹೋಗಿ. ಬಿಸಿ ಹೆಚ್ಚಾದರೆ ಒಳಗಿನ ಗಾಳಿ ಗುಳ್ಳೆಯಾಗುತ್ತೆ. ವಿನೈಲ್ ಸ್ಟಿಕರ್ ಆದರೆ ಬಿಸಿಯೇ ಬೇಡ. ಒಂದೆರಡು ಹನಿ ಸೋಪು ಬೆರೆಸಿದ ನೀರು ಚಿಮುಕಿಸಿ, ಸ್ಟಿಕರ್ ಜರುಗಿಸಿ ಸರಿಯಾಗಿ ಕೂರಿಸಿ. ಹಳೇ ಪ್ಲಾಸ್ಟಿಕ್ ಕಾರ್ಡಿಗೆ ಬಟ್ಟೆ ಸುತ್ತಿ ನೀರು ಹೊರತಳ್ಳಿ, ಒಂದು ರಾತ್ರಿ ಒಣಗೋಕೆ ಬಿಡಿ.

ಹಾರಿಸೋ ದಿನ ರೆಕ್ಕೆಯ ಮುಂದಿನ ಅಂಚು, ಹಿಂಜ್ ಹತ್ತಿರದ ಅಂಚು ಎರಡಕ್ಕೂ ಉಗುರು ತಾಗಿಸಿ ನೋಡಿ. ಹಾಳೆ ಎದ್ದರೆ ಅವತ್ತು ಹಾರಾಟ ಬೇಡ.