ಬಜೆಟ್ ಭಾಷಣದ 5,300 ಕೋಟಿ ಮತ್ತು ಸಂಸತ್ತಿನ ಹೊಣೆ

ಕರ್ನಾಟಕದ ಬರಪೀಡಿತ ಮಧ್ಯಭಾಗಕ್ಕೆ ನೀರುಣಿಸುವ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಕೊಡುವುದಾಗಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 2023ರ ಫೆಬ್ರುವರಿ 1ರಂದು ಲೋಕಸಭೆಯಲ್ಲಿ ಘೋಷಿಸಿದರು. ಆ ಆರ್ಥಿಕ ವರ್ಷ ಮುಗಿಯಿತು, ಅದರ ಮುಂದಿನದೂ ಮುಗಿಯಿತು, ಹಣ ಬರಲಿಲ್ಲ. ಕೇಂದ್ರ ವಂಚಿಸಿತೆಂದು ರಾಜ್ಯ ಸರ್ಕಾರ, ತಪ್ಪು ರಾಜ್ಯದ್ದೆಂದು ಬಿಜೆಪಿ ನಾಯಕರು ವಾದಿಸುತ್ತ ಬಂದಿದ್ದಾರೆ. ಈ ಜಗಳದಲ್ಲಿ ಮುಖ್ಯ ಪ್ರಶ್ನೆಯೇ ಮರೆಯಾಗಿದೆ: ಸದನದಲ್ಲಿ ಕೊಟ್ಟ ಮಾತು ಈಡೇರದಿದ್ದಾಗ ಸಂಸತ್ತು ಏನು ಮಾಡಬೇಕು?

ಯೋಜನೆಯ ಗುರಿ ದೊಡ್ಡದು. 29.9 ಟಿಎಂಸಿ ಅಡಿ ನೀರಿನಿಂದ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಸುಮಾರು 2.25 ಲಕ್ಷ ಹೆಕ್ಟೇರಿಗೆ ಹನಿ ನೀರಾವರಿ ಒದಗಿಸುವುದು, ಕೆರೆಗಳನ್ನು ತುಂಬಿಸುವುದು. ಹೊಸದುರ್ಗದ ತೆಂಗು, ಹೊಳಲ್ಕೆರೆಯ ಅಡಿಕೆ ತೋಟಗಳು ಕೊಳವೆಬಾವಿಗಳನ್ನೇ ನಂಬಿವೆ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಒಳ್ಳೆಯ ಮಳೆಗಾಲವೊಂದನ್ನೇ ನಂಬಿ ಬೇಸಾಯ ಮಾಡಲಾಗದೆಂದು ಇಲ್ಲಿನ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಸಂವಿಧಾನ ಖಜಾನೆಯ ಬೀಗವನ್ನು ಸಂಸತ್ತಿನ ಕೈಗೆ ಕೊಟ್ಟಿದೆ. 112ನೇ ವಿಧಿಯಂತೆ ವಾರ್ಷಿಕ ಆಯವ್ಯಯ ಸದನಗಳ ಮುಂದೆ ಬರುತ್ತದೆ. 113ನೇ ವಿಧಿಯಂತೆ ಅನುದಾನದ ಬೇಡಿಕೆಗಳನ್ನು ಲೋಕಸಭೆ ಒಪ್ಪಬಹುದು, ನಿರಾಕರಿಸಬಹುದು, ತಗ್ಗಿಸಬಹುದು, ಏರಿಸುವಂತಿಲ್ಲ. ರಾಜ್ಯಸಭೆಗೆ ಇಲ್ಲಿ ಮತವಿಲ್ಲ. 114ನೇ ವಿಧಿಯ ಧನವಿನಿಯೋಗ ಕಾಯ್ದೆಯಿಲ್ಲದೆ ಸಂಚಿತ ನಿಧಿಯಿಂದ ಹಣ ತೆಗೆಯುವಂತಿಲ್ಲ.

ಕೊರತೆ ಇರುವುದು ಇದರಾಚೆ. ಬಜೆಟ್ ಭಾಷಣ ಕಾನೂನಲ್ಲ. ಧನವಿನಿಯೋಗ ಕಾಯ್ದೆಯೂ ಖರ್ಚು ಮಾಡಲು ಅನುಮತಿ ಕೊಡುತ್ತದೆಯೇ ಹೊರತು ಖರ್ಚು ಮಾಡಲೇಬೇಕೆಂದು ಕಟ್ಟುಹಾಕುವುದಿಲ್ಲ. ಪರಿಶೀಲನೆಗೆ ಸಿಗಬೇಕಾದ ಸಮಯವೂ ಸಿಗುತ್ತಿಲ್ಲ. 2023ರ ಮಾರ್ಚ್ 23ರಂದು ಸುಮಾರು 45 ಲಕ್ಷ ಕೋಟಿ ರೂಪಾಯಿಯ ಬಜೆಟ್‌ಗೆ ಲೋಕಸಭೆ ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ ಒಪ್ಪಿಗೆ ಕೊಟ್ಟಿತು. ಚರ್ಚೆಯಾಗದ ಬೇಡಿಕೆಗಳನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕುವ ಈ ಪದ್ಧತಿಗೆ ಗಿಲೊಟಿನ್ ಎಂದು ಹೆಸರು. ಸಭೆಯನ್ನು ಅಡ್ಡಿಪಡಿಸಿದವರೂ ಚರ್ಚೆ ಬೇಡವೆಂದು ಕೈಬಿಟ್ಟವರೂ ಇದಕ್ಕೆ ಸಮಾನ ಹೊಣೆಗಾರರು.

ನೀರು ರಾಜ್ಯ ಪಟ್ಟಿಯ 17ನೇ ಬಾಬ್ತು, ಆದ್ದರಿಂದ ಕೇಂದ್ರಕ್ಕೆ ಹೊಣೆಯಿಲ್ಲ ಎಂಬ ವಾದ ನಿಲ್ಲುವುದಿಲ್ಲ. ಯಾವುದೇ ಸಾರ್ವಜನಿಕ ಉದ್ದೇಶಕ್ಕೆ ಕೇಂದ್ರ ಅನುದಾನ ಕೊಡಲು 282ನೇ ವಿಧಿ ಅವಕಾಶ ಕೊಡುತ್ತದೆ. ಕೊಡುತ್ತೇನೆಂದು ಹೇಳಿದ್ದೂ ಕೇಂದ್ರವೇ. ಸರ್ಕಾರದ ಕೈ ಕಟ್ಟಿದರೆ ಆರ್ಥಿಕ ಸಂಕಷ್ಟದ ಕಾಲದಲ್ಲಿ ತೊಂದರೆಯಾಗುತ್ತದೆ ಎಂಬ ಆತಂಕದಲ್ಲಿ ಹುರುಳಿದೆ. ಆದರೆ ಹಣ ತಡೆಹಿಡಿಯುವುದು ಬೇರೆ, ಕಾರಣ ಹೇಳದೆ ತಡೆಹಿಡಿಯುವುದು ಬೇರೆ. ಅಮೆರಿಕದ ಕಾಂಗ್ರೆಸ್ ಮಂಜೂರು ಮಾಡಿದ ಹಣವನ್ನು ಅಧ್ಯಕ್ಷ ನಿಕ್ಸನ್ ತಡೆಹಿಡಿದಾಗ, ಅದಕ್ಕೆ ಕಡಿವಾಣ ಹಾಕುವ ಕಾಯ್ದೆ 1974ರಲ್ಲಿ ಬಂತು. ಹಣವನ್ನು ರದ್ದು ಮಾಡಬೇಕಾದರೆ ಅಧ್ಯಕ್ಷರು ಕಾಂಗ್ರೆಸ್‌ಗೆ ಕಾರಣ ತಿಳಿಸಿ ಒಪ್ಪಿಗೆ ಪಡೆಯಬೇಕೆಂದು ಅದು ವಿಧಿಸುತ್ತದೆ.

ಭಾರತದ ಸಂಸತ್ತೂ ಇಂಥ ಕಾಯ್ದೆ ಮಾಡಬೇಕು. ಭಾಷಣದಲ್ಲಿ ಮೊತ್ತ ಹೇಳಿ ಘೋಷಿಸಿದ ಪ್ರತಿ ನೆರವೂ ಅನುದಾನದ ಬೇಡಿಕೆಯಲ್ಲಿ ಪ್ರತ್ಯೇಕ ಬಾಬ್ತಾಗಿ ಕಾಣಬೇಕು. ವರ್ಷದೊಳಗೆ ಹಣ ಬಿಡುಗಡೆಯಾಗದಿದ್ದರೆ ಸಚಿವರು ಲಿಖಿತ ಕಾರಣವನ್ನು ಸದನದ ಮುಂದಿಡಬೇಕು. ಆ ಕಾರಣದ ಮೇಲೆ ಚರ್ಚೆಯೂ ಮತವೂ ಕಡ್ಡಾಯವಾಗಬೇಕು. ಸಂವಿಧಾನ ರಚನಾ ಸಭೆಯಲ್ಲಿದ್ದ ಎಸ್. ನಿಜಲಿಂಗಪ್ಪನವರನ್ನು 1952ರಲ್ಲಿ ಲೋಕಸಭೆಗೆ ಕಳಿಸಿದ ಕ್ಷೇತ್ರ ಚಿತ್ರದುರ್ಗ. ಈ ಕಾಯ್ದೆಗೆ ದನಿಯೆತ್ತುವುದು ಅಲ್ಲಿನ ಸಂಸದರ, ಅವರೊಂದಿಗೆ ರಾಜ್ಯದ ಎಲ್ಲ ಪಕ್ಷಗಳ ಸಂಸದರ ಕರ್ತವ್ಯ.